ಹಿಟ್ಟು, ನೀರು, ಕಾವು: ನೂಡಲ್ಸ್ ಮತ್ತು ಡಂಪ್ಲಿಂಗ್ ಅಡುಗೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪೂರ್ವ ಮತ್ತು ಆಗ್ನೇಯ ಏಷ್ಯಾದ ನೂಡಲ್ಸ್ ಮತ್ತು ಹಿಟ್ಟಿನೊಳಗೆ ಹೂರಣ ತುಂಬಿ ಬೇಯಿಸುವ ಡಂಪ್ಲಿಂಗ್‌ಗಳನ್ನು ಮನೆಯಲ್ಲೇ ಮಾಡಲು ಹೊರಟವರು ಮಾತಿನ ನಡುವೆ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಕೇಳಿರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ. ಈ ಅಡುಗೆಗಳು ಕೆಟ್ಟಾಗ ಹೆಚ್ಚಿನವರು ಸಾಸಿನ ಮೇಲೋ ಮಸಾಲೆಯ ಮೇಲೋ ತಪ್ಪು ಹೊರಿಸುತ್ತಾರೆ. ನಾನು ಕಂಡಂತೆ ಹತ್ತರಲ್ಲಿ ಎಂಟು ಸಲ ತಪ್ಪು ಇರುವುದು ಯಾವ ಹಿಟ್ಟು, ಎಷ್ಟು ಬಿಸಿಯ ನೀರು, ಎಂಥ ಕಾವು ಎಂಬ ಮೂರರಲ್ಲಿ. ಆದ್ದರಿಂದ ಉತ್ತರಗಳಲ್ಲಿ ಅಳತೆಯ ಜೊತೆಗೆ ಕಾರಣವನ್ನೂ ಹೇಳಿದ್ದೇನೆ.

## ಮೊದಲು ತಿಳಿಯಬೇಕಾದವು

ಅಂಗಡಿಯಲ್ಲಿ ಇಷ್ಟೊಂದು ಬಗೆಯ ನೂಡಲ್ಸ್ ಇಟ್ಟಿರುತ್ತಾರೆ. ಯಾವುದು ಯಾವುದಕ್ಕೆ ಅಂತ ಹೇಗೆ ಗೊತ್ತಾಗಬೇಕು?

ಪೊಟ್ಟಣದ ಮುಂದಿನ ಚಿತ್ರವನ್ನು ಬಿಟ್ಟು ಹಿಂದಿರುವ ಪದಾರ್ಥಗಳ ಪಟ್ಟಿಯನ್ನು ಓದಿ. ಗೋಧಿಯ ಎಳೆಗಳಲ್ಲಿ ಜಪಾನಿನ ಉಡಾನ್ ದಪ್ಪನಾದದ್ದು, ಸೋಮೆನ್ ನೂಲಿನಂತೆ ಸಣ್ಣದು, ರಾಮೆನ್ ಕ್ಷಾರ ಬೆರೆಸಿದ್ದು. ಅಕ್ಕಿಯದರಲ್ಲಿ ಚಪ್ಪಟೆಯಾದ ಪಟ್ಟಿಗಳು ವಿಯೆಟ್ನಾಮಿನ ಫೋ ಎಂಬ ಸಾರಿನ ನೂಡಲ್ಸ್‌ಗೂ ಥಾಯ್ಲೆಂಡಿನ ಪ್ಯಾಡ್ ಥಾಯ್‌ಗೂ ಒದಗುತ್ತವೆ. ನಮ್ಮ ಒತ್ತು ಶಾವಿಗೆಯಂತೆ ದುಂಡಗಿರುವ ಸಣ್ಣ ಎಳೆಯನ್ನು ವಿಯೆಟ್ನಾಮಿನವರು ಬುನ್ ಎನ್ನುತ್ತಾರೆ. ನೋಡಲು ಗಾಜಿನ ಎಳೆಯಂತಿರುವುದು ಬರಿಯ ಪಿಷ್ಟದ್ದು: ಚೀನಾದಲ್ಲಿ ಹೆಚ್ಚಾಗಿ ಹೆಸರುಕಾಳಿನ ಪಿಷ್ಟ, ಕೊರಿಯಾದ ಜಾಪ್‌ಚೆಗೆ ಸಿಹಿಗೆಣಸಿನ ಪಿಷ್ಟ. ಜಪಾನಿನ ಸೋಬಾ ಬಕ್‌ವೀಟ್‌ನದು; ಹೆಸರಿನಲ್ಲಿ ವೀಟ್ ಇದ್ದರೂ ಇದು ಗೋಧಿಯಲ್ಲ, ಬೇರೆಯದೇ ಕಾಳು. ಆದರೆ ಸೋಬಾ ಎಂದ ಮಾತ್ರಕ್ಕೆ ಅದರಲ್ಲಿ ಗೋಧಿ ಇಲ್ಲವೆಂದು ತಿಳಿಯಬಾರದು. ಎಂಟು ಪಾಲು ಬಕ್‌ವೀಟ್‌ಗೆ ಎರಡು ಪಾಲು ಗೋಧಿ ಸೇರಿಸುವುದು ಅಲ್ಲಿನ ಹಳೆಯ ರೂಢಿ. ಅಂಗಡಿಯ ಪೊಟ್ಟಣಗಳಲ್ಲಿ ಗೋಧಿ ಇನ್ನೂ ಹೆಚ್ಚಿರುತ್ತದೆ. ಗ್ಲುಟೆನ್, ಅಂದರೆ ಗೋಧಿ ಹಿಟ್ಟಿಗೆ ಎಳೆತ ಕೊಡುವ ಪ್ರೋಟೀನ್, ಒಗ್ಗದವರು ಇದನ್ನು ಮುಖ್ಯವಾಗಿ ಗಮನಿಸಬೇಕು.

ಹಕ್ಕಾ ನೂಡಲ್ಸ್ ನಿಜವಾಗಿಯೂ ಚೀನಾದ್ದೇನಾ?

ಹಕ್ಕಾ ಎಂಬುದು ದಕ್ಷಿಣ ಚೀನಾದ ಒಂದು ಜನಸಮುದಾಯದ ಹೆಸರು. ಅವರಲ್ಲಿ ಹಲವರು ಕೋಲ್ಕತ್ತಾಕ್ಕೆ ಬಂದು ನೆಲೆಸಿದರು. ಅಲ್ಲಿನ ತಂಗ್ರಾ ಬಡಾವಣೆಯ ಚರ್ಮ ಹದಮಾಡುವ ಕಾರ್ಖಾನೆಗಳ ಜೊತೆಯಲ್ಲೇ ಅವರ ಊಟದ ಮನೆಗಳೂ ಬೆಳೆದವು. ಹಸಿಮೆಣಸು, ಸೋಯಾ ಸಾಸ್, ವಿನೆಗರ್ ಹಾಕಿ ಬಾಡಿಸುವ ನಮ್ಮ ಹಕ್ಕಾ ನೂಡಲ್ಸ್ ಆ ಸಮುದಾಯದ ಕೈಯಲ್ಲಿ, ಭಾರತದ ನಾಲಗೆಗೆ ಹೊಂದಿಕೊಂಡು ಇಲ್ಲೇ ರೂಪುಗೊಂಡ ಅಡುಗೆ. ಅದನ್ನು ಕಳಪೆ ನಕಲೆಂದು ನೋಡುವುದು ಸರಿಯಲ್ಲ. ಅದು ತನ್ನದೇ ಚರಿತ್ರೆಯುಳ್ಳ ಅಡುಗೆ.

ನೂಡಲ್ಸ್ ಬೇಯಿಸಿದ ಮೇಲೆ ಮುದ್ದೆಮುದ್ದೆಯಾಗುತ್ತದೆ. ಎಣ್ಣೆ ಹಾಕಿದರೂ ಅಷ್ಟೇ. ಏನು ಮಾಡಲಿ?

ನೀರು ಸಾಲದೇ ಇರುವುದೇ ಇದಕ್ಕೆ ಮುಖ್ಯ ಕಾರಣ. ಒಣ ಗೋಧಿ ನೂಡಲ್ಸ್ 100 ಗ್ರಾಂ ಇದ್ದರೆ ಕಡಿಮೆಯೆಂದರೂ ಒಂದು ಲೀಟರ್ ನೀರು ಮಳಮಳನೆ ಕುದಿಯುತ್ತಿರಬೇಕು. ಎಳೆಗಳ ಮೇಲಿನ ಪಿಷ್ಟ ನೀರಿಗೆ ಬಿಡುತ್ತದೆ. ನೀರು ಕಡಿಮೆಯಾದರೆ ಅದೇ ಗಂಜಿಯಾಗಿ ಎಳೆಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಕುದಿಯುವ ನೀರಿಗೆ ಹಾಕುವ ಎಣ್ಣೆ ಮೇಲೆ ತೇಲುತ್ತದೆಯೇ ಹೊರತು ಎಳೆಗೆ ಹತ್ತುವುದಿಲ್ಲ. ಪೊಟ್ಟಣದಲ್ಲಿ ಹೇಳಿದ ಸಮಯಕ್ಕಿಂತ ಒಂದು ನಿಮಿಷ ಮೊದಲೇ ಒಂದೆಳೆಯನ್ನು ತೆಗೆದು ಕಚ್ಚಿ ನೋಡಿ. ನಡುವೆ ಸೂಜಿಮೊನೆಯಷ್ಟು ಬಿಳಿ ಉಳಿದಿರುವಾಗಲೇ ಬಸಿಯಿರಿ. ಬಾಣಲೆಯಲ್ಲಿ ಬಾಡಿಸುವುದಿದ್ದರೆ ಕೂಡಲೇ ತಣ್ಣೀರಿನಲ್ಲಿ ತೊಳೆದು, ನೀರು ಪೂರ್ತಿ ಇಳಿದ ಮೇಲೆ ಒಂದು ಚಮಚ ಎಣ್ಣೆ ಸವರಿ, ತಟ್ಟೆಯಲ್ಲಿ ಹರವಿಡಿ. ಸಾರಿಗೆ ಹಾಕುವ ಎಳೆಯನ್ನು ತೊಳೆಯದೆ ನೇರವಾಗಿ ಬಟ್ಟಲಿಗೆ ಹಾಕಬಹುದು. ಸೋಬಾ ಮಾತ್ರ ಬಿಸಿಯಾಗಿ ತಿನ್ನುವುದಾದರೂ ಮೊದಲು ತೊಳೆಯಲೇಬೇಕು.

ಅಕ್ಕಿ ನೂಡಲ್ಸ್ ಬಾಣಲೆಗೆ ಹಾಕಿದ ಕೂಡಲೇ ಪುಡಿಪುಡಿಯಾಗುತ್ತದೆ.

ನೀವು ಅದನ್ನು ಮೊದಲೇ ಬೇಯಿಸಿದ್ದೀರಿ. ಅಕ್ಕಿಯಲ್ಲಿ ಗ್ಲುಟೆನ್ ಇಲ್ಲ. ಪೂರ್ತಿ ಬೆಂದ ಎಳೆಯನ್ನು ಹಿಡಿದಿಡುವ ಬಲವೇ ಅದಕ್ಕಿಲ್ಲ. ಚಪ್ಪಟೆ ಅಕ್ಕಿ ನೂಡಲ್ಸನ್ನು ಮಾಮೂಲಿ ತಣ್ಣೀರಿನಲ್ಲಿ 30ರಿಂದ 45 ನಿಮಿಷ ನೆನೆಸಿ. ಒಂದೆಳೆಯನ್ನು ತೋರುಬೆರಳಿಗೆ ಸುತ್ತಿದರೆ ಮುರಿಯದೆ ಸುತ್ತಿಕೊಳ್ಳಬೇಕು, ಬಿಟ್ಟರೆ ಸ್ವಲ್ಪ ಬಿಚ್ಚಿಕೊಳ್ಳಲೂ ಬೇಕು. ಆ ಹದಕ್ಕೆ ಬಸಿದಿಟ್ಟರೆ ಉಳಿದ ಬೇಯುವಿಕೆ ಬಾಣಲೆಯ ಸಾಸಿನಲ್ಲಿ ನಡೆಯುತ್ತದೆ, ಸಾಸಿನ ರುಚಿಯೂ ಎಳೆಯ ಒಳಕ್ಕೆ ಇಳಿಯುತ್ತದೆ.

ಸೋಯಾ ಸಾಸ್‌ನಲ್ಲಿ ತಿಳಿಯದು, ಕಪ್ಪನೆಯದು ಅಂತ ಎರಡಿದೆಯಲ್ಲ, ಯಾವುದು ತರಲಿ?

ಒಂದೇ ತರುವುದಾದರೆ ತಿಳಿಯದನ್ನು ತನ್ನಿ. ಉಪ್ಪು ಮತ್ತು ರುಚಿ ಅದರಲ್ಲಿದೆ. ಕಪ್ಪನೆಯದು ಬಣ್ಣಕ್ಕೂ ಸ್ವಲ್ಪ ಸಿಹಿಗೂ ಬೇಕಾಗುತ್ತದೆ; ನಾಲ್ಕು ಜನರ ನೂಡಲ್ಸ್‌ಗೆ ಒಂದು ಚಹಾ ಚಮಚ ಧಾರಾಳ.

ಅಜಿನೊಮೊಟೊ ಹಾಕಲೇಬೇಕಾ? ಅದು ಕೆಟ್ಟದ್ದಲ್ಲವೇ?

ಹಾಕಲೇಬೇಕೆಂದಿಲ್ಲ. ಅಜಿನೊಮೊಟೊ ಎಂದರೆ ಗ್ಲುಟಮೇಟ್ ಎಂಬ ರುಚಿಯ ಅಂಶದ ಉಪ್ಪು. 1908ರಲ್ಲಿ ಟೋಕಿಯೋದ ರಸಾಯನಶಾಸ್ತ್ರಜ್ಞ ಕಿಕುನಾಯ್ ಇಕೆಡಾ ಅವರು ಕೊಂಬು ಎಂಬ ಕಡಲಪಾಚಿಯ ಸಾರಿನಲ್ಲಿದ್ದ ರುಚಿಯ ಮೂಲ ಗ್ಲುಟಮೇಟ್ ಎಂದು ಗುರುತಿಸಿ, ಆ ರುಚಿಗೆ ಉಮಾಮಿ ಎಂದು ಹೆಸರಿಟ್ಟರು. ಹಣ್ಣಾದ ಟೊಮೇಟೊದಲ್ಲೂ ಹಳೆಯ ಚೀಸ್‌ನಲ್ಲೂ ಇರುವುದು ಇದೇ. ಅಮೆರಿಕದ ಆಹಾರ ನಿಯಂತ್ರಣ ಸಂಸ್ಥೆ ಇದನ್ನು ಸಾಮಾನ್ಯವಾಗಿ ಸುರಕ್ಷಿತವೆಂದು ಪರಿಗಣಿಸುತ್ತದೆ. ಒಳ್ಳೆಯ ಸಾರು ಕೈಯಲ್ಲಿದ್ದರೆ ಅದರ ಅಗತ್ಯ ಬೀಳುವುದಿಲ್ಲ.

ಇನ್‌ಸ್ಟಂಟ್ ನೂಡಲ್ಸ್‌ನ ಎಳೆಯನ್ನೇ ರಾಮೆನ್‌ಗೆ ಹಾಕಬಹುದಾ?

ಹಾಕಬಹುದು. 1958ರಲ್ಲಿ ಜಪಾನಿನ ಮೊಮೊಫುಕು ಆಂಡೊ ಅವರು ಮಾರುಕಟ್ಟೆಗೆ ತಂದ ಮೊದಲ ಇನ್‌ಸ್ಟಂಟ್ ನೂಡಲ್ಸ್ ಕೂಡ ರಾಮೆನ್ನೇ. ಬೇಯಿಸಿದ ಎಳೆಯನ್ನು ಎಣ್ಣೆಯಲ್ಲಿ ಕರಿದು ಒಣಗಿಸುವುದು ಅವರ ವಿಧಾನ. ಎಣ್ಣೆಯ ಜಿಡ್ಡು ಸಾರಿಗೆ ಇಳಿಯದಂತೆ ಎಳೆಯನ್ನು ಬೇರೆ ನೀರಿನಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲಿ.

## ಸಾರು ಮತ್ತು ಬಾಣಲೆ

ನಾವು ಮಾಂಸ ಮೀನು ತಿನ್ನುವುದಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಹಾಕುವುದಿಲ್ಲ. ಹಾಗಿದ್ದರೆ ರಾಮೆನ್, ಉಡಾನ್ ಸಾರು ಮಾಡುವುದಕ್ಕೆ ಆಗುವುದೇ ಇಲ್ಲವಾ?

ಈ ಪ್ರಶ್ನೆ ನನಗೆ ಬಹಳ ಪ್ರಿಯವಾದದ್ದು, ಏಕೆಂದರೆ ಉತ್ತರ ಜಪಾನಿನಲ್ಲೇ ಇದೆ. ಅಲ್ಲಿನ ಬೌದ್ಧ ಮಠಗಳ ಶೋಜಿನ್ ಅಡುಗೆಯಲ್ಲಿ ಮಾಂಸ, ಮೀನು ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಯ ಜಾತಿಯ ಯಾವುದೂ ಇಲ್ಲ. ನಮ್ಮ ಮಡಿ ಅಡುಗೆಯ ಮನೆಯವರಿಗೆ ಆ ಕಟ್ಟುಪಾಡು ಹೊಸದೆನಿಸದು. ಅವರ ಸಾರಿಗೆ ಆಧಾರ ಎರಡೇ: ಕೊಂಬು ಮತ್ತು ಒಣಗಿದ ಶಿಟಾಕೆ ಅಣಬೆ. ಒಂದು ಲೀಟರ್ ತಣ್ಣೀರಿಗೆ ಅಂಗೈಯಗಲದ ಕೊಂಬಿನ ತುಂಡು, ನಾಲ್ಕೈದು ಒಣ ಅಣಬೆ ಹಾಕಿ ರಾತ್ರಿಯಿಡೀ ಫ್ರಿಜ್‌ನಲ್ಲಿ ನೆನೆಯಲು ಬಿಡಿ. ಬೆಳಿಗ್ಗೆ ನೀರು ತೆಳುವಾದ ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಸಣ್ಣ ಉರಿಯಲ್ಲಿ ಕಾಯಿಸಿ, ಪಾತ್ರೆಯ ತಳದಿಂದ ಸಣ್ಣ ಗುಳ್ಳೆಗಳು ಏಳತೊಡಗಿದ ಕೂಡಲೇ ಕೊಂಬನ್ನು ತೆಗೆದುಬಿಡಿ. ಕುದಿಸಿದರೆ ಲೋಳೆ ಬಿಟ್ಟು ಸಾರು ಒಗರಾಗುತ್ತದೆ. ಅಣಬೆ ಮಾತ್ರ ಇನ್ನು ಹತ್ತು ನಿಮಿಷ ಬೇಯಲಿ. ಕೊಂಬಿನ ಗ್ಲುಟಮೇಟ್ ಮತ್ತು ಒಣ ಅಣಬೆಯ ಗ್ವಾನಿಲೇಟ್ ಎಂಬ ರುಚಿಯ ಅಂಶ ಕೂಡಿದಾಗ ರುಚಿ ಎರಡರ ಮೊತ್ತಕ್ಕಿಂತ ಬಹಳ ಹೆಚ್ಚುತ್ತದೆ. ಹಸಿ ಅಣಬೆಯಿಂದ ಈ ರುಚಿ ಬರುವುದಿಲ್ಲ. ಉಡಾನ್‌ಗೆ ಇಷ್ಟೇ ಸಾಕು, ಸೋಯಾ ಸಾಸ್ ಮತ್ತು ಒಂದು ಚಿಟಿಕೆ ಸಕ್ಕರೆ ಸೇರಿಸಿದರೆ ಮುಗಿಯಿತು. ರಾಮೆನ್‌ಗೆ ಮಂದ ಬೇಕು. ಎಳ್ಳನ್ನು ಹುರಿದು ನುಣ್ಣಗೆ ಅರೆದು ಸಕ್ಕರೆ ಹಾಕದ ಸೋಯಾ ಹಾಲಿನಲ್ಲಿ ಕದಡಿ ಬೆರೆಸಿ.

ಫೋ ಮಾಡಿದರೆ ನಮ್ಮ ಬಿರಿಯಾನಿಯ ವಾಸನೆಯೇ ಬರುತ್ತದಲ್ಲ?

ಚಕ್ರಮೊಗ್ಗು, ದಾಲ್ಚಿನ್ನಿ, ಲವಂಗ, ಕೊತ್ತಂಬರಿ ಬೀಜ, ದೊಡ್ಡ ಏಲಕ್ಕಿ ಎಲ್ಲವೂ ನಮ್ಮ ಡಬ್ಬಿಯಲ್ಲಿರುವುವೇ. ಬಳಸುವ ಕ್ರಮ ಮಾತ್ರ ಬೇರೆ. ನಾವು ಹುರಿದು ಪುಡಿ ಮಾಡುತ್ತೇವೆ, ಇಲ್ಲವೇ ರುಬ್ಬಿ ಹಾಕುತ್ತೇವೆ. ಫೋಗೆ ಇಡಿಯ ಮಸಾಲೆಯನ್ನು ಎಣ್ಣೆಯಿಲ್ಲದೆ ಬೆಚ್ಚಗೆ ಮಾಡಿ, ಬಟ್ಟೆಯಲ್ಲಿ ಗಂಟು ಕಟ್ಟಿ ಸಾರಿಗೆ ಇಳಿಬಿಟ್ಟು, ಪರಿಮಳ ಹತ್ತಿದೊಡನೆ ತೆಗೆದುಬಿಡಬೇಕು. ಎರಡು ಲೀಟರ್ ಸಾರಿಗೆ ಮೂರು ಚಕ್ರಮೊಗ್ಗು, ಬೆರಳುದ್ದದ ದಾಲ್ಚಿನ್ನಿ, ಮೂರು ಲವಂಗ, ಒಂದು ದೊಡ್ಡ ಏಲಕ್ಕಿ ಸಾಕು. ಅದಕ್ಕಿಂತ ಮುಖ್ಯವಾದದ್ದು ಶುಂಠಿ ಮತ್ತು ಈರುಳ್ಳಿಯನ್ನು ಬೆಂಕಿಯ ಮೇಲೆ ನೇರವಾಗಿ ಹಿಡಿದು, ಬದನೆಕಾಯಿ ಸುಡುವಂತೆ ಸಿಪ್ಪೆ ಕರಿಯಾಗುವವರೆಗೆ ಸುಡುವುದು. ಮೂಳೆಯ ಸಾರಾದರೆ ಮೂಳೆಗಳನ್ನು ಮೊದಲು ಐದು ನಿಮಿಷ ಕುದಿಸಿ ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಮುಚ್ಚಳವಿಲ್ಲದೆ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಇಡಬೇಕು. ಜೋರಾಗಿ ಕುದಿದರೆ ಸಾರು ಕದಡುತ್ತದೆ. ಸಸ್ಯಾಹಾರಿಗಳು ಮೂಲಂಗಿ, ಕ್ಯಾರೆಟ್, ಒಣ ಅಣಬೆಯಿಂದ ಒಂದು ಗಂಟೆಯಲ್ಲಿ ಮಾಡಿಕೊಳ್ಳಬಹುದು. ಹನೋಯ್ ಕಡೆಯ ಫೋ ಸರಳವಾದದ್ದು. ತುಳಸಿ ಜಾತಿಯ ಸೊಪ್ಪು, ಮೊಳಕೆ ಕಾಳುಗಳನ್ನು ತಟ್ಟೆ ತುಂಬ ಕೊಡುವುದು ದಕ್ಷಿಣ ವಿಯೆಟ್ನಾಮಿನ ಪದ್ಧತಿ.

ಪ್ಯಾಡ್ ಥಾಯ್‌ಗೆ ಟೊಮೇಟೊ ಕೆಚಪ್ ಹಾಕಬೇಕು ಅಂತಾರೆ, ಹೌದಾ?

ಬೇಡ. ಅದರ ಹುಳಿ ಹುಣಸೆಯದು. ಅದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 150 ಗ್ರಾಂ ಒಣ ಅಕ್ಕಿ ನೂಡಲ್ಸ್‌ಗೆ ಹುಣಸೆಯ ಗಟ್ಟಿ ರಸ, ತಾಳೆಬೆಲ್ಲ, ಮೀನಿನ ಸಾಸ್ ತಲಾ ಎರಡು ದೊಡ್ಡ ಚಮಚ ಸೇರಿಸಿ ಬೆಲ್ಲ ಕರಗುವಷ್ಟು ಕಾಯಿಸಿ. ಮೀನಿನ ಸಾಸ್ ಬೇಡವಾದರೆ ತಿಳಿ ಸೋಯಾ ಸಾಸ್‌ಗೆ ಅಣಬೆ ನೆನೆಸಿದ ನೀರನ್ನು ಬೆರೆಸಿ ಬಳಸಿ. ಈ ಅಡುಗೆ ತೀರ ಪುರಾತನವಾದದ್ದಲ್ಲ. ಪ್ರಧಾನಿ ಫಿಬುನ್ ಅವರ ಕಾಲದಲ್ಲಿ, ಅಂದರೆ ಸಯಾಮ್ ಎಂಬ ಹೆಸರು 1939ರಲ್ಲಿ ಥಾಯ್ಲೆಂಡ್ ಎಂದಾದ ದಿನಗಳಲ್ಲಿ, ಸರ್ಕಾರವೇ ಅಕ್ಕಿ ನೂಡಲ್ಸ್ ತಿನ್ನುವಂತೆ ಜನರನ್ನು ಪ್ರೋತ್ಸಾಹಿಸಿದ್ದರಿಂದ ದೇಶದ ಅಡುಗೆಯಾಗಿ ಬೆಳೆಯಿತು.

ಹೋಟೆಲಿನ ಆ ಹೊಗೆಯ ಘಮ ಮನೆಯಲ್ಲಿ ಯಾಕೆ ಬರುವುದಿಲ್ಲ?

ದಕ್ಷಿಣ ಚೀನಾದ ಕ್ಯಾಂಟನೀಸರು ವೊಕ್ ಹೇ ಎನ್ನುವ ಆ ಘಮ ಬರುವುದು, ಬಾಣಲೆಗೆ ಬಿದ್ದ ಪದಾರ್ಥದ ನೀರು ಬಿದ್ದ ಕ್ಷಣವೇ ಆವಿಯಾಗುವಷ್ಟು ಕಾವು ಇದ್ದಾಗ. ಮನೆಯ ಒಲೆಗೆ ಅಷ್ಟು ಬಲವಿಲ್ಲ. ಹಾಗಾಗಿ ಹೊರೆಯನ್ನು ಇಳಿಸಬೇಕು: ಒಂದು ಸಲಕ್ಕೆ ಒಬ್ಬರಿಗೆ ಆಗುವಷ್ಟೇ ಮಾಡಿ. ದೋಸೆ ಕಾವಲಿಯಂತೆ ಪಳಗಿಸಿದ ಕಬ್ಬಿಣದ ಬಾಣಲೆಯನ್ನು ತೆಳುವಾಗಿ ಹೊಗೆ ಏಳುವವರೆಗೆ ಕಾಯಿಸಿ, ತರಕಾರಿಯನ್ನು ಮೊದಲು ಬಾಡಿಸಿ ತೆಗೆದಿಟ್ಟು, ಆಮೇಲೆ ಬೇಯಿಸಿ ನೀರು ಆರಿದ ನೂಡಲ್ಸ್ ಹಾಕಿ, ಸಾಸನ್ನು ಎಳೆಯ ಮೇಲಲ್ಲ, ಬಾಣಲೆಯ ಅಂಚಿಗೆ ಸುತ್ತಲೂ ಹೊಯ್ಯಿರಿ. ನಾನ್‌ಸ್ಟಿಕ್ ಪಾತ್ರೆಯನ್ನು ಇಷ್ಟು ಕಾಯಿಸಬಾರದು.

ಡಾನ್ ಡಾನ್ ನೂಡಲ್ಸ್‌ಗೆ ಸಿಚುವಾನ್ ಮೆಣಸು ಬೇಕಂತೆ. ನಮ್ಮ ಕಾಳುಮೆಣಸು ಆಗುತ್ತದಾ?

ಆಗುವುದಿಲ್ಲ, ಹೆಸರಿನಲ್ಲಿ ಮೆಣಸಿದ್ದರೂ ಎರಡಕ್ಕೂ ನಂಟಿಲ್ಲ. ಅದರ ಹತ್ತಿರದ ನೆಂಟ ನಮ್ಮಲ್ಲೇ ಇದೆ: ಪಶ್ಚಿಮಘಟ್ಟದ ಜುಮ್ಮನಕಾಯಿ, ಕರಾವಳಿಯ ಕೊಂಕಣಿ ಮನೆಗಳಲ್ಲಿ ಮೀನಿನ ಸಾರಿಗೂ ಹುಳಿಗೂ ಹಾಕುವ ತಿರ್ಫಳ. ಎರಡೂ ಝಾಂಥಾಕ್ಸೈಲಮ್ ಕುಲದವು. ನಾಲಗೆಯನ್ನು ಜುಮ್ಮೆನ್ನಿಸುವ ಗುಣವೂ ಒಂದೇ. ಒಳಗಿನ ಕರಿಯ ಬೀಜವನ್ನು ತೆಗೆದು, ಸಿಪ್ಪೆಯನ್ನು ಮಾತ್ರ ಬೆಚ್ಚಗೆ ಮಾಡಿ ಕುಟ್ಟಿಕೊಳ್ಳಿ. ಪರಿಮಳ ತುಸು ಬೇರೆಯಾದರೂ ಅಡುಗೆ ನಿಲ್ಲುತ್ತದೆ. ಮೆಣಸಿನೆಣ್ಣೆಗೆ ಬ್ಯಾಡಗಿ ಮೆಣಸಿನಕಾಯಿಯ ತರಿಯ ಮೇಲೆ ಕಾದ ಎಣ್ಣೆಯನ್ನು ಎರಡು ಮೂರು ಕಂತಿನಲ್ಲಿ ಹೊಯ್ಯಿರಿ. ಒಮ್ಮೆಲೇ ಹೊಯ್ದರೆ ಸೀದು ಕಹಿಯಾಗುತ್ತದೆ. ಡಾನ್ ಡಾನ್ ಎಂಬ ಹೆಸರು ಬಂದದ್ದು, ಮಾರುವವರು ನೂಡಲ್ಸನ್ನೂ ಸಾಸನ್ನೂ ಎರಡು ಕಡೆ ತೂಗುಹಾಕಿ ಹೆಗಲ ಮೇಲೆ ಹೊತ್ತು ತರುತ್ತಿದ್ದ ಅಡ್ಡೆಯಿಂದ.

## ಡಂಪ್ಲಿಂಗ್

ಮೊಮೊ, ಜಿಯಾವ್‌ಝಿ, ಗ್ಯೋಝಾ, ಮಾಂಡು ಎಲ್ಲಾ ಒಂದೇ ಅಲ್ಲವಾ?

ಕಡುಬು, ಮೋದಕ, ಕರ್ಜಿಕಾಯಿ ಒಂದೇ ಅಲ್ಲವೇ ಎಂದು ಕೇಳಿದಂತೆ. ಹಿಟ್ಟಿನೊಳಗೆ ಹೂರಣ ಎಂಬುದಷ್ಟೇ ಸಮಾನ. ಜಿಯಾವ್‌ಝಿ ಉತ್ತರ ಚೀನಾದ್ದು, ಹೊಸವರ್ಷದ ಹಬ್ಬಕ್ಕೆ ಮನೆಮಂದಿಯೆಲ್ಲ ಕುಳಿತು ಮಡಿಸುವಂಥದ್ದು; ಹೆಚ್ಚಾಗಿ ನೀರಿನಲ್ಲಿ ಬೇಯುತ್ತದೆ. ಎರಡನೆಯ ಮಹಾಯುದ್ಧದ ನಂತರ ಈಶಾನ್ಯ ಚೀನಾದ ಮಂಚೂರಿಯಾದಿಂದ ಮರಳಿದ ಜಪಾನಿಯರ ಜೊತೆ ಅದು ಜಪಾನಿನಲ್ಲಿ ಹರಡಿ, ತೆಳುವಾದ ಸಿಪ್ಪೆ (ಹೂರಣ ಸುತ್ತುವ ಹಿಟ್ಟಿನ ಹಾಳೆ), ಹೆಚ್ಚು ಬೆಳ್ಳುಳ್ಳಿಯ ಗ್ಯೋಝಾ ಆಯಿತು. ಅದನ್ನು ಬಾಣಲೆಯಲ್ಲಿ ಕೆಂಪಗೆ ಮಾಡುತ್ತಾರೆ. ಕೊರಿಯಾದ ಮಾಂಡುವಿನಲ್ಲಿ ತೋಫು, ಕಿಮ್ಚಿ ಇರುತ್ತವೆ. ಮೊಮೊ ಟಿಬೆಟಿನದು, ಹಬೆಯಲ್ಲಿ ಬೇಯುವುದು. 1960ರ ದಶಕದಲ್ಲಿ ಬೈಲಕುಪ್ಪೆಯಲ್ಲೂ ಮುಂಡಗೋಡಿನಲ್ಲೂ ಟಿಬೆಟನ್ನರು ನೆಲೆಸಿದ ಮೇಲೆ ಕರ್ನಾಟಕದ ನೆಲದಲ್ಲೇ ಅದು ಮನೆಯ ಅಡುಗೆಯಾಗಿದೆ.

ಕಣಕಕ್ಕೆ ಬಿಸಿನೀರಾ, ತಣ್ಣೀರಾ? ಮೈದಾ ಬದಲು ಗೋಧಿ ಹಿಟ್ಟು ಹಾಕಬಹುದಾ?

ಹೇಗೆ ಬೇಯಿಸುತ್ತೀರಿ ಎಂಬುದರ ಮೇಲೆ ನೀರನ್ನು ಆರಿಸಿ. ತಣ್ಣೀರಿನಲ್ಲಿ ಕಲಸಿದ ಮೈದಾದಲ್ಲಿ ಗ್ಲುಟೆನ್ ಬಿಗಿಯಾಗಿ ಬೆಳೆಯುತ್ತದೆ, ಕುದಿಯುವ ನೀರಿನ ಅಲುಗಾಟವನ್ನು ಅದು ತಡೆದುಕೊಳ್ಳುತ್ತದೆ. ಆದ್ದರಿಂದ ನೀರಿನಲ್ಲಿ ಬೇಯಿಸುವುದಕ್ಕೆ 100 ಗ್ರಾಂ ಮೈದಾಗೆ 50 ಮಿಲಿಲೀಟರ್ ತಣ್ಣೀರು. ಕುದಿನೀರು ಹೊಯ್ದರೆ ಪಿಷ್ಟ ಅಲ್ಲೇ ಅರೆಬೆಂದು ನೀರನ್ನು ಹೀರಿಕೊಳ್ಳುತ್ತದೆ, ಗ್ಲುಟೆನ್ ಸೊರಗುತ್ತದೆ. ಅಂಥ ಕಣಕ ಮೆತ್ತಗಿದ್ದು ಹೇಳಿದಂತೆ ಮಡಿಕೆಗೆ ಬರುತ್ತದೆ. ಹಬೆಗೂ ಬಾಣಲೆಗೂ ಅದೇ ಒಳ್ಳೆಯದು. ಕಡುಬಿಗೆ ಅಕ್ಕಿ ಹಿಟ್ಟನ್ನು ಉಕ್ಕರಿಸಿಕೊಳ್ಳುವವರಿಗೆ ಈ ತತ್ವ ಕೈಗೆ ಗೊತ್ತಿರುವುದೇ. 100 ಗ್ರಾಂಗೆ ಸುಮಾರು 60 ಮಿಲಿಲೀಟರ್ ಕುದಿನೀರು ಹಿಡಿಯುತ್ತದೆ. ಎರಡೂ ಕಣಕವನ್ನು ಒದ್ದೆಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಲೇಬೇಕು.

ಚಪಾತಿ ಹಿಟ್ಟಿನಲ್ಲಿರುವ ತೌಡು ಗ್ಲುಟೆನ್ನಿನ ಎಳೆಗಳನ್ನು ಕಡಿಯುವುದರಿಂದ ನೀರಿನಲ್ಲಿ ಬೇಯಿಸುವಾಗ ಸಿಪ್ಪೆ ಒಡೆಯುತ್ತದೆ. ಅರ್ಧ ಮೈದಾ, ಅರ್ಧ ಗೋಧಿ ಹಿಟ್ಟು ಬೆರೆಸಿ ಕುದಿನೀರಿನಲ್ಲಿ ಕಲಸಿದರೆ ಹಬೆಯ ಮೊಮೊಗೆ ಚೆನ್ನಾಗಿಯೇ ಹೊಂದುತ್ತದೆ.

ಲಟ್ಟಿಸುವಾಗ ಸಿಪ್ಪೆಯ ನಡು ದಪ್ಪ, ಅಂಚು ತೆಳು ಇರಬೇಕು. ಒಂದು ಕೈಯಿಂದ ಸಣ್ಣ ಲಟ್ಟಣಿಗೆಯನ್ನು ಅಂಚಿನಿಂದ ನಡುವಿನ ತನಕ ಮಾತ್ರ ಉರುಳಿಸಿ ಹಿಂದಕ್ಕೆ ತನ್ನಿ. ಅದು ಹಿಂದೆ ಬರುವ ಹೊತ್ತಿಗೆ ಇನ್ನೊಂದು ಕೈ ಸಿಪ್ಪೆಯನ್ನು ಸ್ವಲ್ಪ ತಿರುಗಿಸಿರಬೇಕು. ಚಪಾತಿಯಂತೆ ಸಮನಾಗಿ ಲಟ್ಟಿಸಿದರೆ ಮಡಿಕೆಗಳು ಸೇರುವ ಕಡೆ ಹಿಟ್ಟು ಗಂಟಾಗಿ ಹಸಿಯಾಗಿ ಉಳಿಯುತ್ತದೆ.

ಹೂರಣ ನೀರು ಬಿಟ್ಟು ಸಿಪ್ಪೆ ಹರಿದುಹೋಗುತ್ತದೆ.

ಎಲೆಕೋಸನ್ನು ಸಣ್ಣಗೆ ಹೆಚ್ಚಿ ಅರ್ಧ ಚಮಚ ಉಪ್ಪು ಸವರಿ ಇಪ್ಪತ್ತು ನಿಮಿಷ ಬಿಟ್ಟು, ಬಟ್ಟೆಯಲ್ಲಿ ಕಟ್ಟಿ ಗಟ್ಟಿಯಾಗಿ ಹಿಂಡಿ. ಬಟ್ಟಲು ತುಂಬ ನೀರು ಬರುವುದನ್ನು ಕಂಡರೆ ಸಿಪ್ಪೆ ಏಕೆ ಹರಿಯುತ್ತಿತ್ತೆಂಬುದು ತಾನಾಗಿ ತಿಳಿಯುತ್ತದೆ. ತೋಫುವನ್ನೂ ಭಾರವಿಟ್ಟು ಹಿಂಡಬೇಕು. ನೆನೆಸಿ ಸಣ್ಣಗೆ ಕತ್ತರಿಸಿದ ಗಾಜಿನ ನೂಡಲ್ಸನ್ನು ಹೂರಣಕ್ಕೆ ಸೇರಿಸಿದರೆ ಉಳಿದ ತೇವವನ್ನು ಅದು ಹೀರಿಕೊಳ್ಳುತ್ತದೆ.

ತಳ ಗರಿಗರಿಯಾಗಿ, ಮೇಲೆ ಮೆತ್ತಗೆ ಬರಬೇಕು. ಹೇಗೆ?

ಬಾಣಲೆಗೆ ಎರಡು ಚಮಚ ಎಣ್ಣೆ ಹಾಕಿ ಸಾಲಾಗಿ ಜೋಡಿಸಿ, ತಳ ಹೊಂಬಣ್ಣಕ್ಕೆ ಬಂದ ಮೇಲೆ ಡಂಪ್ಲಿಂಗ್‌ನ ಮೂರನೇ ಒಂದು ಭಾಗ ಮುಳುಗುವಷ್ಟು ನೀರು ಹೊಯ್ದು ಕೂಡಲೇ ಮುಚ್ಚಿ. ಆರೇಳು ನಿಮಿಷದ ಮೇಲೆ ಚಟಪಟ ಸದ್ದು ಬದಲಾಗಿ ಎಣ್ಣೆಯ ಸದ್ದು ಕೇಳುತ್ತದೆ, ಅಂದರೆ ನೀರು ಇಂಗಿದೆ. ಮುಚ್ಚಳ ತೆಗೆದು ಎರಡು ನಿಮಿಷ ಬಿಡಿ. ನೀರಿಗೆ ಒಂದು ಚಹಾ ಚಮಚ ಮೈದಾ ಕದಡಿದರೆ ತಳದಲ್ಲಿ ಜಾಲರಿಯಂಥ ಪದರವೂ ಏಳುತ್ತದೆ.

ಒಂದೇ ಸಲ ನೂರು ಮಾಡಿ ಇಟ್ಟುಕೊಳ್ಳಬಹುದಾ?

ಬೇಯಿಸದೆ, ಹಿಟ್ಟು ಉದುರಿಸಿದ ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಇಟ್ಟು ಫ್ರೀಜರ್‌ನಲ್ಲಿ ಕಲ್ಲಾಗಿಸಿ, ಆಮೇಲೆ ಚೀಲಕ್ಕೆ ತುಂಬಿ. ಬೇಯಿಸುವಾಗ ಕರಗಿಸಬೇಡಿ, ಹಾಗೆಯೇ ಕುದಿಯುವ ನೀರಿಗೆ ಬಿಡಿ. ನೀರು ಉಕ್ಕಿ ಬಂದಾಗಲೆಲ್ಲ ಒಂದು ಲೋಟ ತಣ್ಣೀರು ಹೊಯ್ಯುತ್ತಾ ಮೂರು ಸಲ ಮಾಡಿದರೆ ಸಿಪ್ಪೆ ಒಡೆಯದೆ ಒಳಗೂ ಬೇಯುತ್ತದೆ ಎಂಬುದು ಚೀನೀ ಮನೆಗಳ ಲೆಕ್ಕ.

## ಕೈ ಪಳಗಿದವರಿಗೆ

ರಾಮೆನ್ ಎಳೆ ಹಳದಿಯಾಗಿರುತ್ತದಲ್ಲ, ಮೊಟ್ಟೆ ಹಾಕುತ್ತಾರಾ?

ಹೆಚ್ಚಿನವುಗಳಲ್ಲಿ ಆ ಬಣ್ಣ ಬರುವುದು ಕ್ಷಾರದಿಂದ. ಸೋಡಿಯಂ ಮತ್ತು ಪೊಟ್ಯಾಸಿಯಂ ಕಾರ್ಬೊನೇಟ್ ಕೂಡಿದ ಕನ್ಸುಯ್ ಎಂಬ ಪದಾರ್ಥ ಮೈದಾದಲ್ಲಿರುವ ಬಣ್ಣದ ಅಂಶವನ್ನು ಹಳದಿಗೆ ತಿರುಗಿಸುತ್ತದೆ, ಎಳೆಗೆ ಬಿಗಿಯನ್ನೂ ಕೊಡುತ್ತದೆ. ಹಪ್ಪಳದ ಹಿಟ್ಟಿಗೆ ಹಪ್ಪಳಖಾರವೆಂಬ ಕ್ಷಾರ ಹಾಕಿದಾಗ ಬರುವ ಬಿಗಿ, ಆ ವಾಸನೆ ನೆನಪಿದ್ದರೆ ಇದು ಅರ್ಥವಾಗುತ್ತದೆ. ಮನೆಯಲ್ಲಿ ಅಡುಗೆ ಸೋಡಾವನ್ನು ಅವನ್‌ನಲ್ಲಿ 120ರಿಂದ 150 ಡಿಗ್ರಿ ಶಾಖದಲ್ಲಿ ಒಂದು ಗಂಟೆ ಇಟ್ಟರೆ ಅದು ಕಾರ್ಬೊನೇಟ್ ಆಗಿ, ತೂಕದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿಯುತ್ತದೆ. 100 ಗ್ರಾಂ ಮೈದಾಗೆ ಒಂದು ಗ್ರಾಂ ಸಾಕು, ಅದನ್ನು ನೀರಿನಲ್ಲಿ ಕರಗಿಸಿಯೇ ಬೆರೆಸಿ. ಬರಿಗೈಯಲ್ಲಿ ಮುಟ್ಟಬೇಡಿ, ಚರ್ಮ ಉರಿಯುತ್ತದೆ.

ಕೈಯಲ್ಲೇ ಎಳೆಯುವ ನೂಡಲ್ಸ್ ಮನೆಯಲ್ಲಿ ಸಾಧ್ಯವಾ?

ವಾಯವ್ಯ ಚೀನಾದ ಲಾನ್‌ಝೌ ಊರಿನ ಲಾಮಿಯಾನ್ ವರ್ಷಗಟ್ಟಲೆ ಕಲಿಯುವ ವಿದ್ಯೆ. ಮನೆಯಲ್ಲಿ ಶಾನ್‌ಶಿ ಪ್ರಾಂತ್ಯದ ಬ್ಯಾಂಗ್ ಬ್ಯಾಂಗ್ ನೂಡಲ್ಸ್‌ನಿಂದ ಪ್ರಾರಂಭಿಸಿ. 100 ಗ್ರಾಂ ಮೈದಾ, 50 ಮಿಲಿಲೀಟರ್ ನೀರು, ಒಂದು ಗ್ರಾಂ ಉಪ್ಪು ಕಲಸಿ ಚೆನ್ನಾಗಿ ನಾದಿ, ಬೆರಳಿನಷ್ಟು ಉದ್ದದ ಉಂಡೆಗಳಿಗೆ ಎಣ್ಣೆ ಸವರಿ ಎರಡು ಗಂಟೆ ಬಿಡಿ. ಹೋಳಿಗೆಯ ಕಣಕ ನೆನೆದಂತೆ ಇದೂ ನೆನೆದು ಸಡಿಲವಾಗುತ್ತದೆ. ಚಪ್ಪಟೆ ಮಾಡಿ ನಡುವೆ ಕಡ್ಡಿಯಿಂದ ಉದ್ದಕ್ಕೆ ಒತ್ತಿ, ಎರಡು ತುದಿ ಹಿಡಿದು ಎಳೆಯುತ್ತಾ ಹಲಗೆಗೆ ಬಡಿಯಿರಿ. ಒತ್ತಿದ ಗೆರೆಯಲ್ಲಿ ಸೀಳಿದರೆ ಒಂದೇ ಅಗಲವಾದ ಉಂಗುರವಾಗುತ್ತದೆ. ಹರಿದರೆ ಬಲ ಹೆಚ್ಚಿಸಬೇಡಿ, ಇನ್ನೂ ಅರ್ಧ ಗಂಟೆ ಬಿಡಿ.

ಸಿರಿಧಾನ್ಯದಲ್ಲಿ ನೂಡಲ್ಸ್ ಮಾಡಬಹುದಾ?

ಜಗತ್ತಿನ ಅತಿ ಹಳೆಯ ನೂಡಲ್ಸ್ ಎನ್ನಲಾದದ್ದೇ ಸಿರಿಧಾನ್ಯದ್ದು. ಚೀನಾದ ಚಿಂಗ್‌ಹಾಯ್ ಪ್ರಾಂತ್ಯದ ಲಾಜಿಯಾದಲ್ಲಿ, ಮಣ್ಣಿನಡಿ ಮಗುಚಿ ಬಿದ್ದಿದ್ದ ಬಟ್ಟಲಿನ ಕೆಳಗೆ ಸುಮಾರು 4,000 ವರ್ಷ ಹಿಂದಿನ ಎಳೆಗಳು ಸಿಕ್ಕವೆಂದು 2005ರಲ್ಲಿ ವರದಿಯಾಯಿತು. ಅವು ನವಣೆ ಮತ್ತು ಬರಗಿನವೆಂದು ಸಂಶೋಧಕರು ಹೇಳಿದರು. ಗ್ಲುಟೆನ್ ಇಲ್ಲದ ಹಿಟ್ಟನ್ನು ಎಳೆದು ಉದ್ದ ಮಾಡಲು ಹೇಗೆ ಸಾಧ್ಯವೆಂದು ಕೆಲವರು ಆಕ್ಷೇಪಿಸಿದ್ದೂ ಉಂಟು. ಆ ಆಕ್ಷೇಪ ನನಗೆ ಸರಿಯೆನಿಸುತ್ತದೆ: ಇಂಥ ಹಿಟ್ಟನ್ನು ಎಳೆಯಲಾಗದು, ಒತ್ತಬೇಕು. ಕೊರಿಯಾದವರು ನೆಂಗ್‌ಮ್ಯಾನ್ ಮಾಡುವಾಗ ಬಕ್‌ವೀಟ್ ಮತ್ತು ಪಿಷ್ಟದ ಕಣಕವನ್ನು ಒತ್ತುಮಣೆಯಿಂದ ನೇರವಾಗಿ ಕುದಿಯುವ ನೀರಿಗೆ ಇಳಿಸುತ್ತಾರೆ. ನಮ್ಮ ಶಾವಿಗೆ ಒರಳು ಮಾಡುವ ಕೆಲಸವೂ ಅದೇ. ಎರಡು ಪಾಲು ನವಣೆ ಹಿಟ್ಟಿಗೆ ಒಂದು ಪಾಲು ಆಲೂಗಡ್ಡೆ ಪಿಷ್ಟ ಬೆರೆಸಿ, ಕುದಿನೀರು ಹೊಯ್ದು, ಬಿಸಿಯಿರುವಾಗಲೇ ನಾದಿ, ಶಾವಿಗೆ ಒರಳಿನಿಂದ ಕುದಿಯುವ ನೀರಿಗೆ ಒತ್ತಿ. ಎಳೆಗಳು ತೇಲಿ ಒಂದು ನಿಮಿಷವಾದ ಮೇಲೆ ತಣ್ಣೀರಿಗೆ ಹಾಕಿ ತೊಳೆಯಿರಿ. ತಣ್ಣನೆಯ ಸಾರಿನಲ್ಲಿ ತಿನ್ನಲು ಇದು ಬಲು ಹಿತ.

ಒಳಗಿನ ಹೂರಣ ಕಾಣುವಂಥ ಪಾರದರ್ಶಕ ಡಂಪ್ಲಿಂಗ್ ಯಾವ ಹಿಟ್ಟಿನದು?

ಕ್ಯಾಂಟನೀಸರ ಹಾರ್ ಗಾವ್ ಗ್ಲುಟೆನ್ ತೆಗೆದ ಗೋಧಿ ಪಿಷ್ಟದ್ದು. ಗೋಧಿ ಹಾಲಿನ ಹಲ್ವಕ್ಕೆಂದು ನೆನೆಸಿದ ಗೋಧಿಯನ್ನು ರುಬ್ಬಿ ಹಿಂಡಿದಾಗ ತಳದಲ್ಲಿ ನಿಲ್ಲುವ ಬಿಳಿಯ ಗಸಿ ಅದೇ. 100 ಗ್ರಾಂ ಗೋಧಿ ಪಿಷ್ಟ, 40 ಗ್ರಾಂ ಮರಗೆಣಸಿನ ಪಿಷ್ಟಕ್ಕೆ ಮಳ್ಳುವ ನೀರನ್ನೇ ಹೊಯ್ಯಬೇಕು; ನೀರು ತುಸು ಆರಿದರೂ ಕಣಕ ಬಿರಿಯುತ್ತದೆ. ಸಿಪ್ಪೆಯನ್ನು ಲಟ್ಟಣಿಗೆಯ ಬದಲು ಎಣ್ಣೆ ಸವರಿದ ಅಗಲವಾದ ಕತ್ತಿಯ ಚಪ್ಪಟೆ ಮೈಯಿಂದ ಒತ್ತಿ ತಿರುವುತ್ತಾರೆ.

ಶಿಯಾವ್‌ಲೊಂಗ್‌ಬಾವ್ ಒಳಗೆ ಸಾರನ್ನು ಹೇಗೆ ತುಂಬುತ್ತಾರೆ? ಸಸ್ಯಾಹಾರದಲ್ಲಿ ಆಗುತ್ತದಾ?

ತುಂಬುವಾಗ ಅದು ಸಾರಾಗಿರುವುದಿಲ್ಲ. ಶಾಂಘೈ ಬಳಿಯ ನಾನ್‌ಶಿಯಾಂಗ್‌ನಲ್ಲಿ ಹೆಸರಾದ ಈ ಹಬೆಯ ಡಂಪ್ಲಿಂಗ್‌ಗೆ ಹಂದಿಯ ಚರ್ಮವನ್ನು ಬೇಯಿಸಿದ ಸಾರನ್ನು ತಣ್ಣಗೆ ಹೆಪ್ಪುಗಟ್ಟಿಸಿ, ಸಣ್ಣಗೆ ಕತ್ತರಿಸಿ ಹೂರಣಕ್ಕೆ ಬೆರೆಸುತ್ತಾರೆ. ಹಬೆಯಲ್ಲಿ ಅದು ಕರಗುತ್ತದೆ. ಸಸ್ಯಾಹಾರಿಗಳು ಕೊಂಬು, ಅಣಬೆಯ ಗಟ್ಟಿ ಸಾರು 250 ಮಿಲಿಲೀಟರ್‌ಗೆ ಎರಡು ಗ್ರಾಂ ಚೈನಾ ಗ್ರಾಸ್ ಪುಡಿ ಹಾಕಿ ಎರಡು ನಿಮಿಷ ಕುದಿಸಿ ಹೆಪ್ಪುಗಟ್ಟಿಸಬಹುದು. ಹಂದಿಯ ಚರ್ಮದ ಸಾರನ್ನು ಹೆಪ್ಪುಗಟ್ಟಿಸುವ ಜೆಲಟಿನ್ ಮೈಬಿಸಿಗೇ ಕರಗುತ್ತದೆ, ಚೈನಾ ಗ್ರಾಸ್ ಕರಗಲು 85 ಡಿಗ್ರಿ ಬೇಕು; ಆದ್ದರಿಂದ ಹಬೆ ಜೋರಾಗಿರಬೇಕು, ಎಂಟು ನಿಮಿಷಕ್ಕೆ ಬದಲು ಹತ್ತು ನಿಮಿಷ ಇಡಬೇಕು. ಇಡ್ಲಿ ಪಾತ್ರೆಯ ಮುಚ್ಚಳಕ್ಕೆ ಬಟ್ಟೆ ಕಟ್ಟಿದರೆ ಹನಿ ಬೀಳದು. ತಳಕ್ಕೆ ಬಾಳೆಲೆ ಹಾಸಿದರೆ ತೆಗೆಯುವಾಗ ಸಿಪ್ಪೆ ಹರಿಯದು. ಇಳಿಸಿದ ಮೇಲೆ ಒಂದೊಂದನ್ನೇ ಚಮಚದಲ್ಲಿಟ್ಟು, ಬದಿಯಲ್ಲಿ ಸಣ್ಣಗೆ ಕಚ್ಚಿ ಹಬೆ ಹೋಗಲು ಬಿಟ್ಟು, ಮೊದಲು ಸಾರನ್ನು ಹೀರಿ, ಆಮೇಲೆ ಶುಂಠಿಯ ಎಳೆ ಹಾಕಿದ ಕಪ್ಪು ವಿನೆಗರ್ ಜೊತೆ ತಿನ್ನಿ. ಆರಲು ಬಿಡಬೇಡಿ; 40 ಡಿಗ್ರಿಗಿಂತ ಕೆಳಗಿಳಿದರೆ ಒಳಗಿನ ಸಾರು ಮತ್ತೆ ಹೆಪ್ಪುಗಟ್ಟುತ್ತದೆ.